ಎರಡು ಸೋಡಚಿಟ್ಠಿ

ಉಮರ್ಗಾ
17 ಮಾರ್ಚ್ 2025

|| ಶ್ರೀ ಗುರುಬಸವಲಿಂಗಾಯ ನಮಃ ||

ಚಿ. ಸೌ. ವೈಷ್ಣವಿಗೆ ಮಾವ ಶಾಂತವೀರಪ್ಪನ ಆಶೀರ್ವಾದಗಳು.

‘ಸೌ.’ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಎರಡು ಹಾಳೆ ಹರಿದೆ. ಕೊನೆಗೆ ರೂಢಿಯ ಕೈ ತಾನೇ ಬರೆಯಿತು. ಉದಗೀರದ ನಿನ್ನ ತವರಿನಿಂದ ಪತ್ರ ಬಂದು ಇಪ್ಪತ್ತು ದಿನವಾಯಿತು. ಸೋಲಾಪುರದ ಕ್ಲಬ್ಬಿನವರು ಬಿಟ್ಟುಬಿಟ್ಟರು, ಉಮರ್ಗಾದ ಫುಟ್‌ಬಾಲ್ ತಂಡದಲ್ಲಿ ಇನ್ನೊಂದು ವರ್ಷ ಆಡಲು ಅವಕಾಶ ಕೊಡಿಸಿ ಮಾವ ಎಂದು ಬರೆದಿದ್ದೆ. ಇಷ್ಟು ತಡವಾದದ್ದಕ್ಕೆ ಬೇಜಾರಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಗೆ ಮೊಣಕಾಲು ನೋವು. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಸಿದ್ಧೇಶ್ವರ ನಿಲಂಗಾದ ಅಂಗಡಿಯಲ್ಲೇ ಇರುತ್ತಾನೆ. ದೀಪಾವಳಿಗೆ ಬಂದು ಹೋದವನು ಶಿವರಾತ್ರಿಗೂ ಬರಲಿಲ್ಲ. “ಮೈದಾನ ಬಿಡು, ಇಲ್ಲಾಂದ್ರ ಮನಿ ಬಿಡು” ಎಂದು ನಿನಗೆ ಹೇಳಿದ ಗಂಡಸು ಈಗ ಸ್ವತಃ ಮನೆ ಬಿಟ್ಟು ಕೂತಿದ್ದಾನೆ. ಅವನನ್ನು ನನ್ನ ಮಗ ಎನ್ನಲು ನಾಚಿಕೆಯಾಗುತ್ತದೆ.

ನಮ್ಮ ಹುಡುಗಿಯರ ತಂಡದ ಸುದ್ದಿ ಕೇಳಿರಬೇಕು. ಮುರುಮ ಊರಿನ ಪಂದ್ಯದಲ್ಲಿ ಏಳು ಗೋಲು ತಿಂದು ಬಂದರು. ಹಿಂದೆ ಬ್ಯಾಕ್ ಆಗಿ ನಿಲ್ಲುವವರೇ ಇಲ್ಲ. ಬೇಲಿಯಿಲ್ಲದ ತೊಗರಿ ಹೊಲಕ್ಕೆ ದನ ನುಗ್ಗಿದ ಹಾಗೆ ಎದುರಿನವರು ನುಗ್ಗಿದರು. ಹೆಸರಿಗಾದರೂ ತಂಡದ ಅಧ್ಯಕ್ಷ ನಾನೇ ಅಲ್ಲವೆ, ಮರುದಿನ ಬೆಳಿಗ್ಗೆ ನಮ್ಮ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಊರಿನ ಫುಟ್‌ಬಾಲ್ ಪಂಡಿತರೆಲ್ಲ ಸೇರಿದರು. ನಾನು ನಿನ್ನ ಹೆಸರು ಎತ್ತಿದೆ.

ತರಬೇತಿ ಕೊಡುವ ಸಿದ್ಧಾರೂಢ ಮಾಸ್ತರ ಎದ್ದೇ ನಿಂತ. “ಆಕಿ ಬಂದ್ರ ನನ್ನ ಅರ್ಧಾ ಚಿಂತಿ ಹೋತು ನೋಡ್ರೀ. ಚೆಂಡ ಬರೂಕಿಂತ ಮೊದಲ ಆ ಜಾಗಾದಾಗ ಹೋಗಿ ನಿಂತಿರ್ತಾಳ. ಅದನ್ನ ಯಾರಿಗೂ ಕಲಿಸಲಿಕ್ಕ ಬರಂಗಿಲ್ಲ.”

ಕಾಳಿನ ವ್ಯಾಪಾರಿ ಕಲ್ಯಾಣಪ್ಪ ಗೊತ್ತಲ್ಲ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಆಸಾಮಿ. ನಿನ್ನ ವಿಷಯಕ್ಕೆ ಮಾತ್ರ ಅವನಿಗೆ ಪುಕ್ಕಟೆ ಬಂದದ್ದು ಬೇಡವಾಯಿತು. “ಫ್ರೀ ಸಿಗ್ತಾಳಂದ್ರ ಏನರೆ ಐಬ ಇರಬೇಕಲ್ರೀ ಸಾವಕಾರ್ರ. ಛಲೋ ಮಾಲ ಯಾರ ಫುಕಟ ಬಿಡ್ತಾರ? ಇಪ್ಪತ್ತೆಂಟ ವರ್ಷ ಆಗ್ಯಾವ ಬ್ಯಾರೆ.”

ಬಳೆ ಅಂಗಡಿಯ ಪ್ರಯಾಗಬಾಯಿಯ ಮೊಮ್ಮಗಳೇ ನಮ್ಮ ಗೋಲ್‌ಕೀಪರ್. ಆಕೆ ಸುಮ್ಮನಿರುತ್ತಾಳೆಯೆ? “ನಮ್ಮ ಕೂಸು ಏಳ ಸಲ ನೆಲಕ್ಕ ಬಿದ್ದಾಳ. ಆಕಿ ಮುಂದ ಒಬ್ಬಾಕಿ ನಿಲ್ಲಾಕಿ ಬೇಕೋ ಬ್ಯಾಡೋ? ನೀನ ನಿಲ್ತಿ ಏನ್ ಕಲ್ಯಾಣಪ್ಪಾ, ಧೋತರಾ ಮ್ಯಾಲ ಕಟ್ಕೊಂಡು?”

ಎಲ್ಲರೂ ನಕ್ಕರು. ಎರಡು ಸಲ ಚಹಾ ಬಂತು. ವಯಸ್ಸು ಹೆಚ್ಚಾಯಿತೆಂದು ಒಬ್ಬ, ಅನುಭವ ಬೇಕೆಂದು ಇನ್ನೊಬ್ಬ. ಹೆಚ್ಚಿನವರು ನಿನ್ನ ಕಡೆಗೇ ವಾಲಿದ್ದರು. ಆಗ ಕಲ್ಯಾಣಪ್ಪ ಸಾವಕಾಶವಾಗಿ ಕೇಳಿದ, “ಸೋಡಚಿಟ್ಠಿ ಎಲ್ಲದ?”

ನೀನು ಕಳಿಸಿದ್ದೆಯಲ್ಲ, ಸೋಲಾಪುರದ ಕ್ಲಬ್ಬಿನ ಸಿಕ್ಕಾ ಹೊಡೆದ ಬಿಡುಗಡೆ ಪತ್ರ, ಅದನ್ನು ಹುರುಪಿನಿಂದ ಅವನ ಮುಂದೆ ಹಿಡಿದೆ.

“ಇದಲ್ರೀ,” ಎಂದ. “ನಿಮ್ಮ ಮಗಂದು.”

ನಮ್ಮ ಕಡೆ ಎರಡಕ್ಕೂ ಒಂದೇ ಮಾತು. ಕ್ಲಬ್ಬು ಆಟಗಾರಳನ್ನು ಬಿಟ್ಟರೂ ಸೋಡಚಿಟ್ಠಿ, ಗಂಡ ಹೆಂಡತಿಯನ್ನು ಬಿಟ್ಟರೂ ಸೋಡಚಿಟ್ಠಿ. ಅಲ್ಲಿಯ ತನಕ ಆಟದ ಬಗ್ಗೆ ಜಗಳಾಡುತ್ತಿದ್ದ ಬಾಯಿಗಳೆಲ್ಲ ನಿನ್ನ ಸಂಸಾರಕ್ಕೆ ಇಳಿದವು. “ಗಂಡ ಇಟ್ಕೊಂಡೂ ಇಲ್ಲ, ಬಿಟ್ಟೂ ಇಲ್ಲ. ನಾಳಿ ಅಂವಾ ಮೈದಾನಕ್ಕ ಬಂದು ಕೈ ಹಿಡದು ಜಗ್ಗಿದ್ರ ಉಳದ ಹುಡಿಗೇರ ತಾಯಿ-ತಂದಿಗೆ ಏನ್ ಹೇಳೂಣು? ಅಂವಾ ಬರದ ಕೊಡ್ಲಿ, ಮೊದಲ ನಾನ ಕೈ ಎತ್ತತೀನಿ,” ಎಂದ ಕಲ್ಯಾಣಪ್ಪ.

“ಆಟ ಆಡ್ಲಿಕ್ಕ ಗಂಡನ ಸಹಿ ಯಾಕ ಬೇಕ್ರೀ?” ಎಂದು ಮಾಸ್ತರ ಕೂಗಿದ. ಎಲ್ಲರೂ ನನ್ನ ಮುಖ ನೋಡಿದರು. ಪ್ರಯಾಗಬಾಯಿ ಕೂಡ ನೋಡಿದಳು. “ಸಿದ್ಧೇಶ್ವರ ಇನ್ನೂ ಸಹಿ ಮಾಡಿಲ್ಲ,” ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಹೆಸರು ಕೊಡುವ ಗಡುವು ನಿನ್ನೆ ತೀರಿತು. ನಿನ್ನ ಜಾಗಕ್ಕೆ ದಾಳಿಂಬ ಊರಿನ ಒಬ್ಬ ಹುಡುಗಿಯನ್ನು ಬರೆಸಿದ್ದೇವೆ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಾಳೆ. ಆದರೆ ಮದುವೆಯಾಗಿಲ್ಲ, ಊರಿಗೆ ಅಷ್ಟು ಸಾಕು. ಮುಂದಿನ ವರ್ಷ ನೋಡೋಣ ಎಂದು ಸುಳ್ಳು ಸಮಾಧಾನ ಹೇಳಲಾರೆ. ಒಂದು ವರ್ಷ ಮನೆಯಲ್ಲಿ ಕೂತು ಇಪ್ಪತ್ತೊಂಬತ್ತಕ್ಕೆ ಕಾಲಿಟ್ಟವಳನ್ನು ಯಾವ ತಂಡವೂ ಕರೆಯುವುದಿಲ್ಲ. ನಿನ್ನ ಆಟ ಮುಗಿಯಿತು, ಮಗಳೆ.

ಜನ ಹೆಣ್ಣು ನೋಡಲು ಮನೆಗೆ ಹೋಗುತ್ತಾರೆ. ನಾನು ನಿನ್ನನ್ನು ನೋಡಿದ್ದು ಉದಗೀರದ ಮೈದಾನದಲ್ಲಿ. ಎದುರು ತಂಡದವಳು ನಿನಗೆ ಡಿಕ್ಕಿ ಹೊಡೆದು ಬಿದ್ದಾಗ ನೀನೇ ಕೈ ಕೊಟ್ಟು ಎಬ್ಬಿಸಿದೆ. ಸೊಸೆಯಾದರೆ ಇವಳೇ ಎಂದು ನಾನು ಹಟ ಹಿಡಿದೆ. “ಸೊಸಿ ತಂದ್ರೋ, ಬ್ಯಾಕ್ ತಂದ್ರೋ?” ಎಂದು ನಿನ್ನ ಅತ್ತೆ ಈಗಲೂ ಅಣಕಿಸುತ್ತಾಳೆ. ಎರಡೂ ಉಳಿಯಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಾಯಿ-ತಂದೆಗೆ ನನ್ನ ಶರಣಾರ್ಥಿ ತಿಳಿಸು. ಎಲ್ಲಿದ್ದರೂ ತಲೆಯೆತ್ತಿ ಬಾಳು, ಬಸವಣ್ಣ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಮಾವ
ಶಾಂತವೀರಪ್ಪ

ತಾ.ಕ.: ಮೇಲೆ ಮಗನನ್ನು ಬೈದು ಬರೆದಿದ್ದೇನೆ. ಸಿದ್ಧೇಶ್ವರ ದೀಪಾವಳಿಯಲ್ಲೇ ಸೋಡಚಿಟ್ಠಿಗೆ ಸಹಿ ಮಾಡಿದ. ವಕೀಲರಿಂದ ಬರೆಸಿದ ಕಾಗದ ನನ್ನ ಕೈಗಿಟ್ಟು, “ಆಕಿಗೆ ಕಳಸ್ರೀ ಅಪ್ಪಾ. ಆಕಿನ್ನ ಇನ್ನ ಹಿಡದ ಇಡೂದು ಪಾಪ,” ಎಂದ. ನಾನು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವನು ಒಪ್ಪುತ್ತಿಲ್ಲ ಎಂದು ನಿನಗೂ ಊರಿಗೂ ಹೇಳುತ್ತ ಬಂದೆ. ಎಲ್ಲ ದಾರಿ ಮುಚ್ಚಿದರೆ ತಿರುಗಿ ನಮ್ಮ ಮನೆಗೇ ಬರುತ್ತೀ ಎಂದುಕೊಂಡೆ. ಕಾಗದ ಇದರ ಜೊತೆಗಿದೆ. ಅಂದು ಕಟ್ಟೆಯ ಮೇಲೆ ಅವರೆಲ್ಲ ನನ್ನ ಮುಖ ನೋಡುವಾಗ ಕಪಾಟಿನ ಕೀಲಿ ನನ್ನ ಜೇಬಿನಲ್ಲೇ ಇತ್ತು.