ಲಕ್ಕಿಯ ಬುಡದಲ್ಲಿ ಪಕ್ಕೆ ಮೀನು

ಹಳ್ಳದ ಓಣಿ, ಗುತ್ತಲ
೧೮ ಅಕ್ಟೋಬರ್ ೨೦೨೫

ನಮ್ಮ ಭುವನಾಳ ಅಪ್ಪನಿಗೆ, ನಿಮ್ಮ ದಾರಿ ನೋಡುತ್ತಿರುವ ಹೊಳಿಯವ್ವನ ನಮಸ್ಕಾರಗಳು.

ಹೇಗಿದ್ದೀರಿ? ಬೋಟಿನ ಹಗ್ಗ ಕೊಯ್ದ ಅಂಗೈ ಮಾಯ್ದಿತೇ? ಉಪ್ಪುನೀರಿನಲ್ಲಿ ಗಾಯ ಲಗೂನೆ ಒಣಗುವುದಿಲ್ಲ ಎಂದು ಸಲಾವುದ್ದೀನ ಹೇಳಿದ. ಅದೇ, ನಮ್ಮ ಪಕ್ಕದ ಮನೆ ಹಾಜಿರಾಬಿಯ ಅಳಿಯ, ಮಲ್ಪೆಗೆ ಲಾರಿ ಹೊಡೆಯುವವನು. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನೀವು ‘ಹಾಂ’, ‘ಹೂಂ’ ಬಿಟ್ಟು ಮೂರನೆಯ ಮಾತು ಆಡುವುದಿಲ್ಲ, ಹಿಂದೆ ಎಂಜಿನ್ ಗುಡುಗುಡು ಬೇರೆ. ಎರಡು ವರ್ಷದಲ್ಲಿ ನಾನು ನಿಮಗಿಂತ ಆ ಎಂಜಿನ್ ಜೊತೆಗೇ ಹೆಚ್ಚು ಮಾತಾಡಿದ್ದೇನೆ. ಇಲ್ಲಿ ಎಲ್ಲರೂ ಆರಾಮ. ನಿಮ್ಮ ಅವ್ವನ ಮೊಣಕಾಲು ನೋಯುತ್ತದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ಭುವನಾ ಒಂಬತ್ತನೆಯ ತರಗತಿ. ಮೂಗಿನ ಮೇಲೆ ಸಿಟ್ಟು, ಥೇಟ್ ನಿಮ್ಮ ಹಾಗೆಯೇ.

ಈಗ ಸುದ್ದಿ ಕೇಳಿ. ಹಳ್ಳದಲ್ಲಿ ಮೀನು ಬಂದಿವೆ. ಖರೇನೇ ಬಂದಿವೆ! ಹೋಗುವ ದಿನ ನೀವು ಹೊಸ್ತಿಲ ಮೇಲೆ ನಿಂತು, ‘ಹಳ್ಳದಾಗ ಮತ್ತ ಮೀನ ಕಂಡರ ಹೇಳ, ಅವತ್ತ ಬರ್ತೀನಿ. ಅಲ್ಲೀತನ ಕರೀಬ್ಯಾಡ’ ಎಂದಿದ್ದಿರಿ. ನಾನೂ ಹಟದವಳು, ಕರೆಯಲಿಲ್ಲ. ಬೋಟುಗಳು ಕಡಲಿಗಿಳಿಯದ ಈ ಮಳೆಗಾಲದ ರಜೆಗೂ ನೀವು ಬರಲಿಲ್ಲ. ಬೋಟಿನ ದುರಸ್ತಿ ಇದೆ ಎಂದಿರಿ, ನಾನು ನಂಬಿದ ಹಾಗೆ ಮಾಡಿದೆ. ಇಂದು ಕರೆಯುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಆ ಬೇಸಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ನೀವು ಬ್ಯಾಡಗಿಗೆ ಹೋಗಿದ್ದ ಒಂದೇ ದಿನದಲ್ಲಿ ಹೂಳೆತ್ತುವ ಜೆಸಿಬಿ ಬಂದು ದಂಡೆಯನ್ನು ಬೋಳು ಮಾಡಿತು. ಲಕ್ಕಿ, ಹೊಂಗೆ, ಅತ್ತಿ, ನೇರಳೆ ಒಂದೂ ಉಳಿಯಲಿಲ್ಲ. ದಂಡೆಗೆ ಹತ್ತಿದ ಹೊಲ ವಿರೂಪಾಕ್ಷಪ್ಪನವರದು. ಬೆಳೆಗೆ ನೆರಳು ಬೀಳುತ್ತದೆಂದು ಅವರೇ ಕೀಳಿಸಿದರೆಂದು ನೀವು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅವರ ಕೊರಳಪಟ್ಟಿ ಹಿಡಿದಿರಿ. ‘ನನ್ನ ಹೊಟ್ಟಿ ಮ್ಯಾಲ ಹೊಡದಿ’ ಎಂದು ಕೂಗಿದಿರಿ. ಆ ಮನುಷ್ಯ ಬಾಯಿ ಬಿಡಲಿಲ್ಲ. ಮುಂದಿನ ಮಳೆಗೆ ದಂಡೆ ಕುಸಿದು ನೀರೆಲ್ಲ ರಾಡಿಯಾಯಿತು. ಬೇಸಿಗೆಯಲ್ಲಿ ಮಡುವಿನ ನೀರು ಸ್ನಾನದ ನೀರಿನಷ್ಟು ಬಿಸಿ. ಮೀನು ಹೋದವು, ನಿಮ್ಮ ಬಲೆ ಖಾಲಿ ಬಂತು, ಆ ವರ್ಷವೇ ನೀವೂ ಮಲ್ಪೆಯ ಬಸ್ಸು ಹತ್ತಿದಿರಿ.

ನೀವು ಹೋದ ಮೇಲೆ ನನಗೆ ಮನೆಯಲ್ಲಿ ಕೂತು ಕಾಯಲು ಆಗಲಿಲ್ಲ. ಅವ್ವನನ್ನು ದಂಡೆಗೆ ಕರೆದೊಯ್ದು ಕೂರಿಸಿದೆ. ಯಾವ ಗಿಡ ಎಲ್ಲಿತ್ತೆಂದು ಕೇಳಿದರೆ ಅವ್ವನಿಗೆ ಗಿಡದ ನೆನಪಿಲ್ಲ, ಮೀನಿನ ನೆನಪಿದೆ! ‘ಇಲ್ಲೆ ನಿಮ್ಮ ಮಾವಗ ಹಾವುಮೀನ ಸಿಗತಿದ್ದೂ, ಅಂದಮ್ಯಾಲ ಇದು ಅತ್ತಿ ಬುಡ. ಅಲ್ಲೆ ಪಕ್ಕಿ ಮರಿ ಇರತಿದ್ದೂ, ಅದು ಲಕ್ಕಿ ಮೆಳಿ’ ಎನ್ನುತ್ತಾ ಕೋಲಿನಿಂದ ನೆಲಕ್ಕೆ ಗೆರೆ ಎಳೆದರು. ‘ಬೇರ ಇದ್ದಲ್ಲೆ ಮೀನಿನ ಮನಿ. ನೆಳ್ಳ ಇದ್ದಲ್ಲೆ ತಂಪ. ಎಲಿ ಉದುರಿದರ ಹುಳಾ, ಹುಳಾ ಬಂದರ ಮೀನಿಗೆ ಊಟ. ಇಷ್ಟ ತಿಳೀಲಿಲ್ಲೇನ ನಿಮಗ?’ ಎಂದು ನನ್ನನ್ನೇ ಬೈದರು. ನಾನು ತಲೆ ತಗ್ಗಿಸಿ ಗುದ್ದಲಿ ಹಿಡಿದೆ. ನರ್ಸರಿಯವರು ಅಕೇಶಿಯಾ ಪುಕ್ಕಟೆ ಕೊಡುತ್ತೇವೆಂದರು. ಬೇಡವೆಂದು ನೀರಿನ ದಂಡೆಗೆ ಒಗ್ಗುವ ಹೊಳೆಮತ್ತಿಯನ್ನೇ ಬೇಡಿ ತಂದೆ. ಲಕ್ಕಿಯ ಟೊಂಗೆಗಳನ್ನು ಹೊಳೆಯ ಕಡೆಯಿಂದ ಕಡಿದು ತಂದು ನೆಟ್ಟೆ.

ಮೊದಲ ವರ್ಷದ್ದು ಅರ್ಧ ಮಳೆಗೆ ಕೊಚ್ಚಿ ಹೋಯಿತು, ಅರ್ಧ ಹಾಜಿರಾಬಿಯ ಆಡುಗಳ ಹೊಟ್ಟೆಗೆ ಹೋಯಿತು. ನಾನು ಹೋಗಿ ಜಗಳ ತೆಗೆದೆ, ಬಿಡುತ್ತೇನೆಯೇ? ಮರುವರ್ಷ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದಾಗ ಹರಿದ ಗೋಣಿಚೀಲಗಳನ್ನು ಕೇಳಿ ತಂದು ಸಸಿಗಳ ಸುತ್ತ ಕಟ್ಟಿದೆ. ಆ ಘಾಟಿಗೆ ಆಡುಗಳು ಸೀನಿದ್ದೇ ಸೀನಿದ್ದು. ‘ಏನವಾ ಹೊಳಿಯವ್ವಾ, ನನ್ನ ಆಡಿಗೆ ನೆಗಡಿ ಹಚ್ಚೀದೆಲ್ಲಾ!’ ಎಂದು ಹಾಜಿರಾಬಿ ನಗುತ್ತಾ ಬಂದವಳು ಸಂಜೆತನಕ ನನ್ನ ಜೊತೆ ಕೊಡ ಹೊತ್ತಳು. ಈಗ ದಿನಾ ಬರುತ್ತಾಳೆ.

ಇನ್ನೊಂದು ಮಾತು. ಸಿಟ್ಟಿನಲ್ಲಿ ಕಾಗದ ಹರಿಯಬೇಡಿ. ಬೇರು ಊರಲು ದಂಡೆಗಿಂತ ಹೆಚ್ಚು ಜಾಗ ಬೇಕಿತ್ತು, ನಾನು ವಿರೂಪಾಕ್ಷಪ್ಪನವರ ಬಾಗಿಲಿಗೆ ಹೋದೆ. ಅವರು ಹೊಲದ ಉದ್ದಕ್ಕೂ ಹತ್ತು ಅಡಿ ಬಿಟ್ಟುಕೊಟ್ಟರು. ‘ನನ್ನ ಮಣ್ಣ ಹಳ್ಳಕ್ಕ ಹೋಗೂದ ನಿಂತರ ನನಗೂ ಚಲೋನ ಐತಿ ತಂಗಿ. ನಿಮ್ಮ ಶಂಕ್ರಪ್ಪ ಯಾವಾಗ ಬರ್ತಾನ?’ ಎಂದು ಕೇಳಿದರು. ನಾನು ಕೈ ಮುಗಿದು ಬಂದೆ.

ಈ ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹೊಳೆಯ ನೀರು ಹಿಂದಕ್ಕೊತ್ತಿ ಹಳ್ಳದೊಳಗೆ ಬಂತು. ನೀರು ಇಳಿದು ತಿಳಿಯಾದ ಮೇಲೆ, ಹೋದ ಸೋಮವಾರ ಬಟ್ಟೆ ಒಗೆಯುತ್ತಿದ್ದೆ. ಲಕ್ಕಿಯ ಬುಡದಲ್ಲಿ ಬೆರಳುದ್ದದ ಪಕ್ಕೆ ಮೀನುಗಳು, ಕೈ ಇಟ್ಟರೆ ಬೇರಿನೊಳಗೆ ಸರಕ್ಕನೆ ಹೋಗುತ್ತವೆ, ಕೈ ತೆಗೆದರೆ ಮತ್ತೆ ಬರುತ್ತವೆ. ಸೋಪು ಹಚ್ಚಿದ ಸೀರೆ ಕೈಯಲ್ಲಿ ಹಿಡಿದು ಅತ್ತುಬಿಟ್ಟೆ. ಪಕ್ಕದಲ್ಲಿ ನೀವಿರಬೇಕಿತ್ತು ರೀ. ಸುಳ್ಳು ಹೇಳುವುದಿಲ್ಲ, ಬಲೆ ಬೀಸುವಷ್ಟು ಮೀನಿಲ್ಲ. ಇನ್ನೆರಡು ಮಳೆ ಆ ಜಾಗದಲ್ಲಿ ಯಾರೂ ಮೀನು ಹಿಡಿಯಬಾರದೆಂದು ಓಣಿಯವರೆಲ್ಲ ಕೂತು ಮಾತಾಡಿದ್ದೇವೆ. ಅಲ್ಲಿಯವರೆಗೆ ನೀವು ಬಲೆ ಹಿಡಿದು ಹೊಳೆಗೆ ಹೋಗಿ, ನಾನು ಪೇಟೆಗೆ ಹೋಗುತ್ತೇನೆ, ಹೇಗೋ ಆಗುತ್ತದೆ. ರೊಟ್ಟಿ ಬಡಿಯುವಾಗ ಈಗಲೂ ನಿಮ್ಮ ಲೆಕ್ಕ ಸೇರಿಸಿಯೇ ಹಿಟ್ಟು ನಾದುತ್ತೇನೆ. ನೀವಿಲ್ಲದೆ ನನಗೆ ಆಗುತ್ತಿಲ್ಲ. ಇಷ್ಟು ಹೇಳಲು ನಾಚಿಕೆ ಎನಿಸುತ್ತದೆ, ಆದರೂ ಬರೆದೆ.

ಅವ್ವ ನಿಮ್ಮ ತಲೆ ಸವರಿದಂತೆ ತಿಳಿಯಿರಿ ಎಂದು ಹೇಳಿದ್ದಾರೆ. ಭುವನಾ ಲಕೋಟೆಯ ಮೇಲೆ ವಿಳಾಸ ಚೆಂದಾಗಿ ಬರೆದಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ,
ಹೊಳಿಯವ್ವ

ವಿ.ಸೂ.: ಸಲಾವುದ್ದೀನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇಷ್ಟುದ್ದ ಬರೆದರೂ ಬರೆಯಬೇಕಾದದ್ದೇ ಉಳಿದಿದೆ. ದಂಡೆಯ ಗಿಡ ಕೀಳಿಸಿದ್ದು ವಿರೂಪಾಕ್ಷಪ್ಪನವರಲ್ಲ, ನಾನು. ಆ ದಿನ ಜೆಸಿಬಿಯವನು ‘ಯಕ್ಕಾ, ಹೂಳ ಅಷ್ಟ ತಗೀಲೋ, ಗಿಡಾನೂ ಕೀಳಲೋ?’ ಎಂದು ಕೇಳಿದ. ಬೇರಿಗೆ ಸಿಕ್ಕಿ ನಿಮ್ಮ ಬಲೆ ವಾರ ವಾರ ಹರಿಯುತ್ತಿತ್ತು, ಅದನ್ನು ಹೆಣೆದು ಹೆಣೆದು ನನ್ನ ಬೆರಳು ಸೀಳಿದ್ದವು. ‘ಎಲ್ಲಾ ಕಿತ್ತ ಹಾಕಪ್ಪಾ’ ಎಂದೆ. ಅವನಿಗೆ ಚಹಾ ಕೂಡ ಮಾಡಿಕೊಟ್ಟೆ. ನೀವು ಬಂದು ಹಿಗ್ಗುತ್ತೀರಿ ಎಂದುಕೊಂಡಿದ್ದೆ. ನಿಮ್ಮ ಮುಖ ನೋಡಿ ಹೆದರಿ ಸುಮ್ಮನಾದೆ, ಮೂರು ವರ್ಷ ಸುಮ್ಮನೇ ಇದ್ದೆ. ವಿರೂಪಾಕ್ಷಪ್ಪನವರು ಆಗ ಹೊಲದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನೀವು ಕೊರಳಪಟ್ಟಿ ಹಿಡಿದಾಗಲೂ ನನ್ನ ಹೆಸರು ಹೇಳಲಿಲ್ಲ. ನೀವು ಬಸ್ಸಿಳಿದರೆ ಮೊದಲು ಅವರ ಮನೆಗೆ ಹೋಗಿ, ಆಮೇಲೆ ನಮ್ಮ ಮನೆಗೆ ಬನ್ನಿ. ಇದನ್ನು ಓದಿದ ಮೇಲೂ ಬರುವ ಮನಸ್ಸು ಉಳಿದಿದ್ದರೆ.