ಹಳೆಯ ಹಾಸಿನ ತುದಿ

ಅಣ್ಣ,

"ವರ್ಸ ಅನ್ನದು ಅವರ ಲೆಕ್ಕ ಕಣ್ಲಾ, ಹಾಸು ಅನ್ನದು..." ಎಂದಿದ್ದೆ ನೀನು, ಮೈಸೂರಿನ ಆಸ್ಪತ್ರೆಯಿಂದ ಕೊಳ್ಳೇಗಾಲಕ್ಕೆ ಮರಳುವ ಬಸ್ಸಿನಲ್ಲಿ. ಮುಂದೇನಿತ್ತು? ನಾನು ಮರೆತೆನೋ, ಹೊಲಿಗೆ ಹಾಕಿದ ಹೊಟ್ಟೆಯನ್ನು ಹಿಡಿದುಕೊಂಡು ನೀನೇ ನಿಲ್ಲಿಸಿದೆಯೋ. ಈ ವಾರವೆಲ್ಲ ಆ ಅರ್ಧ ಮಾತಿನ ಜೊತೆಗೇ ಇದ್ದೇನೆ.

ಆಸ್ಪತ್ರೆಯ ಆ ಬೆಳಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆಯುತ್ತಾರೆ ಅಂದುಕೊಂಡಿದ್ದೆ. ಕರೆಯಲಿಲ್ಲ. ನಿನಗೇ ಹೇಳಿದರು. ಸಣ್ಣಕರುಳಿನಲ್ಲಿದ್ದದ್ದು ಕ್ಯಾನ್ಸರ್, ಆ ತುಂಡು ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದಿದ್ದೇವೆ, ಪಕ್ಕದ ಗ್ರಂಥಿಗೂ ತಗುಲಿದೆ, ಮತ್ತೆ ಬರಬಹುದು, ಬರದೆಯೂ ಇರಬಹುದು. ಒಂದೆರಡು ವರ್ಷದ ಮೇಲೆ ಏನೂ ಹೇಳಲಾರೆ ಎಂದರು. ನೀನು ಕೇಳಿದ್ದು ಒಂದೇ: "ಸೇರ್ಸಿರೋ ಜಾಗ ಎಳೆತ ತಡೀತದಾ ಸಾ?" ಅವರು ಮೊದಲ ಬಾರಿ ನಿನ್ನ ಮುಖವನ್ನು ಸರಿಯಾಗಿ ನೋಡಿದರು.

ಮನೆಗೆ ಬಂದ ಮಾರನೆಯ ದಿನ, ರೇಷ್ಮೆ ಕೊಡುತ್ತಿದ್ದ ಸಾವುಕಾರರು ಬಾಗಿಲಲ್ಲಿ ನಿಂತಿದ್ದರು. ನಮ್ಮ ಬೀದಿಯಲ್ಲಿ ನೇಯುವವನು ಮಲಗಿದರೆ ಮಗ್ಗದುದ್ದಕ್ಕೂ ಬಿಗಿದ ಹಾಸಿನ ಎಳೆಗಳನ್ನು ಕತ್ತರಿಸಿ ಬೇರೆ ಮಗ್ಗಕ್ಕೆ ಒಯ್ಯುವುದೇ ವಾಡಿಕೆ. "ನೀನು ಮಲಿಕ್ಕೊಪ್ಪ, ಹಾಸು ನಾನು ತಕಂಡೋಯ್ತೀನಿ" ಎಂದರು, ಮೆತ್ತಗೆ. ನೀನು ಗೋಡೆ ಹಿಡಿದು ಎದ್ದೆ. "ನನ್ನುನ್ನ ಒಂದ್ಸಲ ಕುಯ್ದವ್ರೆ ಸಾವ್ಕಾರ್ರೇ. ಇದುನ್ನೂ ಕುಯ್ಯದು ಬ್ಯಾಡ." ಅತ್ತಿಗೆ ಅಳುತ್ತಿದ್ದವರು ನಕ್ಕುಬಿಟ್ಟರು. ನೀನು ಗಂಜಿ ಕುಡಿದು, ಹೊಟ್ಟೆಗೆ ಟವೆಲು ಬಿಗಿದು, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತೆ. ಎರಡು ಸಲ ಲಾಳಿ ಓಡಿಸಿದೆ, ನಿಲ್ಲಿಸಿದೆ. ಮರುದಿನ ಇನ್ನೂ ಸ್ವಲ್ಪ.

ಒಂದು ಹಾಸು ಮುಗಿದಾಗ ನೀನು ಎಂದೂ ಮಗ್ಗವನ್ನು ಬರಿದು ಮಾಡುತ್ತಿರಲಿಲ್ಲ. ಹಳೆಯದರ ತುದಿ ಗೇಣಷ್ಟು ಉಳಿಸಿ, ಎಳೆ ಜಾರದಂತೆ ಬೆರಳಿಗೆ ಬೂದಿ ಸವರಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೆಚ್ಚುತ್ತಿದ್ದೆ. ಎಲ್ಲ ನೇಕಾರರೂ ಮಾಡುವುದೇ. ಆದರೆ ಆಪರೇಷನ್ ಆದ ಮೇಲೆ ನೀನದನ್ನು ಅವಸರವೇ ಇಲ್ಲದೆ ಮಾಡುವುದನ್ನು ನೋಡುತ್ತ ನನಗೆ ಏನೋ... ನಾನು ಪಾಠ ಮಾಡುವ ಹನೂರಿನ ಶಾಲೆಯಿಂದ ರಜೆಗೆ ಬಂದಾಗೆಲ್ಲ ನಿನ್ನದು ಅದೇ ಸ್ವಾಗತ: "ನೋಡಕ್ ಬಂದ್ಯೇನ್ಲಾ ಮೇಷ್ಟ್ರೇ, ಚಟ್ಟ ಒರಕ್ ಬಂದ್ಯಾ? ಇನ್ನೂ ಹಾಸು ಅದೆ, ಓಗು." ಡಾಕ್ಟರು ಹೇಳಿದ್ದ ಒಂದೆರಡು ವರ್ಷ ಯಾವಾಗ ಕಳೆಯಿತೆಂದು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ನೀನು ಗಮನಿಸಿದ್ದೆಯಾ?

ಕೊನೆಗೆ ಅದು ಮರಳಿತು. ಅಷ್ಟರಲ್ಲಿ ನಿನ್ನ ಮಗಳು ಗೌರಿ ಮಗ್ಗ ಕಲಿತಿದ್ದಳು. ನೀನು ಹೋದ ಮೇಲೆ, ನೀನು ಬಿಟ್ಟ ತುದಿಗೆ ಅವಳೇ ಹೊಸದನ್ನು ಕೆಚ್ಚಿದಳು. ಆ ಮಗ್ಗ ಈವರೆಗೆ ಬರಿದಾಗಿಲ್ಲ.

ನೀನು ಕೇಳದ ಸುದ್ದಿ ಇನ್ನೊಂದಿದೆ. ನನಗೂ ಅದೇ, ಅಣ್ಣ. ಅದೇ ಸಣ್ಣಕರುಳು, ಹೆಚ್ಚುಕಡಿಮೆ ಅದೇ ಮಾತುಗಳು, ಡಾಕ್ಟರು ಮಾತ್ರ ಬೇರೆ. ಹೊಲಿಗೆ ಬಿಚ್ಚಿಸಿಕೊಂಡು ನಿನ್ನ ಮನೆಗೇ ಬಂದಿದ್ದೇನೆ. ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನಿನ್ನಷ್ಟು ಗಟ್ಟಿ ನಾನಲ್ಲ, ಅದು ನಿನಗೆ ಗೊತ್ತು.

ಇವತ್ತು ಬೆಳಗ್ಗೆ ಗೌರಿಯ ಹಾಸು ಮುಗಿಯಿತು. "ಚಿಕ್ಕಪ್ಪ, ಮನಗಿದ್ದು ಸಾಕು. ಸಣ್ಣೋರಿದ್ದಾಗ ಅಪ್ಪನ ಪಕ್ಕ ಕೂತು ಕೆಚ್ತಿದ್ರಂತಲ್ಲ? ಬೂದಿ ಅಲ್ಲೇ ಅದೆ, ಬನ್ನಿ" ಎಂದಳು. ಹೋಗಿ ಕೂತೆ. ಹಳೆಯದರ ಒಂದೆಳೆ, ಹೊಸದರ ಒಂದೆಳೆ ಬೆರಳ ನಡುವೆ ಇವೆ; ಇನ್ನೂ ಹೊಸೆದಿಲ್ಲ. ಅವಳು ಕಾಯುತ್ತಿದ್ದಾಳೆ. ಆಸ್ಪತ್ರೆಯಿಂದ ಬಂದು ಮೊದಲ ಎಳೆ ಹಿಡಿದ ದಿನ ನೀನೂ ಹೀಗೆ ಹೊಸೆಯದೆ ಹಿಡಿದೇ ಕೂತಿದ್ದೆಯಾ, ಅಣ್ಣ?