ಕ್ವಾರ್ಟರ್‌ಬ್ಯಾಕ್‌ನ ಜಾತಕ

ಆಗಸ್ಟ್ 31, ಭಾನುವಾರ

ಮೈ ಇನ್ನೂ ಉರಿಯುತ್ತಿದೆ. ನಮ್ಮ ಷಿಕಾಗೊ ಅಮೆರಿಕನ್ ಫುಟ್‌ಬಾಲ್ ತಂಡ ಈ ಸಲ ಪ್ಲೇಆಫ್ ತಲುಪುತ್ತದೆಯೇ ಎಂದು ವಾರಗಟ್ಟಲೆ ಕೂತು ಲೆಕ್ಕ ಹಾಕಿದವಳು ನಾನು. ನೂರಕ್ಕೆ ಮೂವತ್ತೆಂಟು ಅವಕಾಶ. ಲೆಮಾಂಟ್ ದೇವಸ್ಥಾನದಲ್ಲಿ ಗಣೇಶನ ಹಬ್ಬದ ಊಟಕ್ಕೆ ಕೂತಾಗ ಅದನ್ನು ಹೇಳಿದರೆ ಯಾರೂ ತಲೆ ಎತ್ತಲಿಲ್ಲ. ಡೆಟ್ರಾಯ್ಟ್‌ನಿಂದ ಬಂದಿದ್ದ ನನ್ನ ತಮ್ಮ ಅನುಜ್ ಕೂಡ ಪುಳಿಯೋಗರೆ ತಟ್ಟೆ ಹಿಡಿದು, ಎಲ್ಲರ ಜಾತಕ ನೋಡುವ ಶೇಷಗಿರಿ ಅಂಕಲ್ ಪಕ್ಕಕ್ಕೆ ಹೋದ. ಅಂಕಲ್ ನಮ್ಮ ತಂಡದಲ್ಲಿ ಚೆಂಡೆಸೆದು ಆಟ ನಡೆಸುವ ಹೊಸ ಕ್ವಾರ್ಟರ್‌ಬ್ಯಾಕ್‌ನ ಜಾತಕ ಹಾಕಿದ್ದಾರಂತೆ. ಗುರುಬಲ ಇದೆಯಂತೆ, ಪ್ಲೇಆಫ್ ಗ್ಯಾರಂಟಿಯಂತೆ.

ತಡೆಯಲಾಗಲಿಲ್ಲ. "ಹುಟ್ಟಿದ ಟೈಮೇ ಗೊತ್ತಿಲ್ದೆ ಜಾತಕ ಹೇಗೆ ಹಾಕಿದ್ರಿ ಅಂಕಲ್?" ಎಂದು ಕೇಳಿದೆ.

ಅವರು ಮಜ್ಜಿಗೆ ಲೋಟ ಕೆಳಗಿಟ್ಟರು. "ಸೂರ್ಯೋದಯ ಅಂತ ಇಟ್ಕೊಂಡೆ ಕಣಮ್ಮ. ಅವನು ನಮ್ಮ ಟೀಮಿಗೆ ಇನ್ನೂ ಒಂದು ಮ್ಯಾಚೂ ಆಡಿಲ್ಲ. ನೀನು ಏನಂತ ಇಟ್ಕೊಂಡೆ?"

"ಬೇರೆ ಹೊಸಬರ ಆವರೇಜ್," ಎಂದೆ.

ಅನುಜ್ ನಗಲೂ ಇಲ್ಲ. ಹಾಫ್‌ಮನ್ ಎಸ್ಟೇಟ್ಸ್‌ ಮನೆ ತಲುಪುವವರೆಗೆ ಕಾರಿನಲ್ಲಿ ಫೋನ್ ಹಿಡಿದು ಗುರುಬಲದ ಬಗ್ಗೆಯೇ ಓದುತ್ತಿದ್ದ. ಅದೇ ಹೆಚ್ಚು ಚುಚ್ಚಿತು.

ಈಗ ಲ್ಯಾಪ್‌ಟಾಪ್ ತೆರೆದು ಆ ಆವರೇಜ್ ಅಳಿಸಿ ನೋಡಿದೆ. ಮೂವತ್ತೆಂಟೂ ಅದರ ಜೊತೆಗೇ ಹೋಯಿತು. ಆ ಜಾಗ ಖಾಲಿ ಉಳಿದಿದೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೆ ಅಲ್ಲಿ ಏನೋ ಒಂದು ಇಟ್ಟುಕೊಳ್ಳಲೇಬೇಕು.